ಸರೋಜಕ್ಕನ ಸಾಕ್ಷಿ

ಕನಕಪುರ ರಸ್ತೆಯ ನಡುವೆ ಮೆಟ್ರೊ ಕಂಬಗಳು ಇನ್ನೂ ಎದ್ದಿರಲಿಲ್ಲ. ಜರಗನಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತರೆ ಎರಡೂ ಕಡೆಗೆ ದೂರದವರೆಗೆ ಆಕಾಶ ಕಾಣುತ್ತಿತ್ತು. ನಾವಿದ್ದದ್ದು ಗೌಡರ ವಠಾರದ ಏಳು ಮನೆಗಳಲ್ಲಿ ಐದನೆಯದರಲ್ಲಿ. ಮೊದಲು ಅವರ ದನದ ಕೊಟ್ಟಿಗೆಯಾಗಿದ್ದ ಜಾಗಕ್ಕೆ ಅಡ್ಡಗೋಡೆ ಎಬ್ಬಿಸಿ, ಶೀಟು ಹೊದಿಸಿ ಬಾಡಿಗೆಗೆ ಕೊಟ್ಟಿದ್ದರು. ಮಳೆ ಬಂದ ದಿನ ಸಿಮೆಂಟು ನೆಲದಡಿಯಿಂದ ಹಳೆಯ ಸಗಣಿಯ ವಾಸನೆ ಏಳುತ್ತಿತ್ತು. ನಮಗೆ ಅದು ಕೆಟ್ಟ ವಾಸನೆ ಅನ್ನಿಸಿರಲಿಲ್ಲ. ಮಳೆಯ ವಾಸನೆಯೇ ಅದು ಅಂದುಕೊಂಡಿದ್ದೆವು.

ಬೇಸಿಗೆ ರಜೆ ಬಂದರೆ ವಠಾರದ ಅಂಗಳ ಮಕ್ಕಳ ಪಾಲಾಗುತ್ತಿತ್ತು. ಬೆಳಿಗ್ಗೆ ಲಗೋರಿ, ಬಿಸಿಲೇರಿದ ಮೇಲೆ ನೀರಿನ ತೊಟ್ಟಿಯ ನೆರಳಿನಲ್ಲಿ ಚೌಕಾಬಾರ. ಹುಣಸೆಬೀಜ ಉಜ್ಜಿ ದಾಳ ಮಾಡಿಕೊಳ್ಳುತ್ತಿದ್ದೆವು. ಗಾಡಿಯವನು ಬಂದರೆ ಉಪ್ಪು-ಖಾರ ಹಚ್ಚಿದ ತೋತಾಪುರಿ ಹೋಳು. ಅಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಏಳು ಗಂಟೆಗೇ ಹೊರಟುಬಿಡುತ್ತಿದ್ದಳು. ಸಂಜೆ ಬರುವಾಗ ಅವಳ ಕೂದಲಲ್ಲಿ, ಹುಬ್ಬಿನಲ್ಲಿ ಸಣ್ಣ ಸಣ್ಣ ನೂಲೆಳೆಗಳಿರುತ್ತಿದ್ದವು. ಒಂದು ದಿನ ನೀಲಿ, ಒಂದು ದಿನ ಬಿಳಿ. ಅವನ್ನು ನೋಡಿ ಅಂದು ಯಾವ ಬಣ್ಣದ ಶರ್ಟು ಹೊಲಿದರೆಂದು ನಾನು ಹೇಳುತ್ತಿದ್ದೆ.

ನಾನು ಈಗ ಕಾದಂಬರಿ ಬರೆಯುತ್ತೇನೆ. ಕ್ರೈಸ್ತ ಕುಟುಂಬಗಳ ಕತೆಗಳು; ಹೆಚ್ಚಾಗಿ ಓದುವವರೂ ಅವರೇ. ಸಭೆಗಳಲ್ಲಿ ಸಿಕ್ಕವರು, ‘ನಿಮಗೆ ಪ್ರೇರಣೆ ಎಲ್ಲಿಂದ ಸಿಸ್ಟರ್?’ ಎಂದು ಕೇಳುತ್ತಾರೆ. ಪವಿತ್ರಾತ್ಮನಿಂದ ಎಂಬ ಉತ್ತರಕ್ಕೆ ಕಾಯುತ್ತಿರುತ್ತಾರೆ. ಆ ಉತ್ತರವನ್ನು ನಾನು ಒಮ್ಮೆಯೂ ಕೊಟ್ಟಿಲ್ಲ. ನನಗೆ ಹನ್ನೊಂದು ವರ್ಷವಾಗಿದ್ದಾಗಿನ ಒಂದು ಬೇಸಿಗೆಯಿಂದ ಬಂದದ್ದು ಆ ಪ್ರೇರಣೆ. ಆ ಬೇಸಿಗೆಯನ್ನು ಇಲ್ಲಿ ಇದ್ದಂತೆ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ.

ನಮ್ಮ ಸಭೆ ಸೇರುತ್ತಿದ್ದದ್ದು ಜೆ.ಪಿ. ನಗರದ ಅಂಚಿನಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ. ಬಣ್ಣದ ಡಬ್ಬಗಳ, ಟರ್ಪೆಂಟೈನಿನ ವಾಸನೆಯ ನಡುವೆ ಮೆಟ್ಟಿಲು ಹತ್ತಬೇಕು. ಮೇಲಿನ ಮೆಟ್ಟಿಲುಗಳ ತುಂಬ ಚಪ್ಪಲಿ. ಒಳಗೆ ಚಾಪೆ ಹಾಸಿರುತ್ತಿತ್ತು. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಪ್ರತಿ ತಿಂಗಳ ಕೊನೆಯ ಭಾನುವಾರ ಸಾಕ್ಷಿ ಹೇಳುವ ದಿನ. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಮೂವರು ಎದ್ದು ನಿಂತು ಎಲ್ಲರೆದುರು ಹೇಳಬೇಕು. ಹೇಳಿ ಮುಗಿಸಿದ ಮೇಲೆ ಕೂತವರೆಲ್ಲ ಒಟ್ಟಿಗೆ ‘ಸ್ತೋತ್ರ’ ಅನ್ನುತ್ತಿದ್ದರು.

ಗಂಡಸರು ಸಲೀಸಾಗಿ ಹೇಳುತ್ತಿದ್ದರು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಎದ್ದು ನಿಂತರೆ ಸೆರಗು ಹಿಡಿದು ಅಳುತ್ತಿದ್ದರೇ ಹೊರತು ಮಾತು ಹೊರಡುತ್ತಿರಲಿಲ್ಲ. ಅದಕ್ಕೆ ಸಭೆಯ ಹಿರಿಯರಾದ ಜಯಪಾಲ್ ಅಂಕಲ್ ಒಂದು ದಾರಿ ಮಾಡಿದರು. ಬಾಯಿ ಬಾರದವರು ಬರೆಸಿಕೊಡಲಿ, ಯಾರಾದರೂ ಓದಲಿ ಎಂದರು. ಭಾನುವಾರದ ಶಾಲೆಯಲ್ಲಿ ತಡವರಿಸದೆ ಓದುತ್ತಿದ್ದವಳು ನಾನು. ಹಾಗಾಗಿ ಆ ಬೇಸಿಗೆಯ ಹಿಂದಿನ ಅಕ್ಟೋಬರಿನಿಂದ ಹೆಂಗಸರ ಸಾಕ್ಷಿ ಬರೆಯುವವಳೂ ನಾನೇ, ಓದುವವಳೂ ನಾನೇ.

ಸಾಕ್ಷಿಗೆ ಒಂದು ಕ್ರಮವಿತ್ತು. ಮೊದಲು ಕಷ್ಟ, ಆಮೇಲೆ ಪ್ರಾರ್ಥನೆ, ಆಮೇಲೆ ಬಿಡುಗಡೆ, ಕೊನೆಗೆ ಸ್ತೋತ್ರ. ಎರಡು ಸಲ ಬರೆದ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಕಷ್ಟ ಸಣ್ಣದಾದರೆ ಸ್ತೋತ್ರವೂ ಸಣ್ಣದಾಗಿ ಬರುತ್ತದೆ. ಹಾಗಾಗಿ ನಾನು ಕಷ್ಟವನ್ನು ಬೆಳೆಸತೊಡಗಿದೆ. ಮೂರು ದಿನದ ಜ್ವರ ಒಂಬತ್ತು ದಿನವಾಯಿತು. ಒಬ್ಬರ ಗ್ಯಾಸ್ ಪುಸ್ತಕ ಕಳೆದು ಸಿಕ್ಕಿತ್ತು. ಅದಕ್ಕೊಂದು ಕನಸು ಸೇರಿಸಿದೆ, ಕನಸಿಗೊಬ್ಬ ಬಿಳಿಯ ನಿಲುವಂಗಿಯವನನ್ನು ಸೇರಿಸಿದೆ.

ಅದನ್ನು ಓದಿದ ದಿನ ಮನೆಗೆ ಬಂದ ಮೇಲೆ ಅಮ್ಮ ಹಿಟ್ಟು ಕಲಸುತ್ತ ಅಂದಳು: ‘ಅಲ್ವೇ ಎಸ್ತಿ, ಆ ಗ್ಯಾಸ್ ಬುಕ್ಕು ಸಿಕ್ಕಿದ್ದು ಅಕ್ಕಿ ಡಬ್ಬದ ಹಿಂದೆ. ಅದಕ್ಕೆ ದೇವದೂತ ಯಾಕೆ ಬರ್ಬೇಕಿತ್ತು?’

‘ಎಲ್ರೂ ಜೋರಾಗಿ ಸ್ತೋತ್ರ ಅಂದ್ರಲ್ಲಮ್ಮ.’

‘ಅಂದ್ರು, ಅಂದ್ರು. ನಾಳೆ ನಂದೂ ಒಂದು ಬರ್ಕೊಡು. ಮೇಸ್ತ್ರಿ ಬಯ್ಯೋದು ನಿಂತೋಯ್ತು ಅಂತ.’ ಅವಳು ನಕ್ಕಳು. ನಾನೂ ನಕ್ಕೆ.

ಫೆಬ್ರವರಿಯಲ್ಲಿ ಸ್ಟೆಲ್ಲಾ ಆಂಟಿಯ ಸಾಕ್ಷಿ. ಅವರ ಮಗ ಸುನಿಲನಿಗೆ ಕಾಮಾಲೆಯಾಗಿತ್ತು. ಆಂಟಿ ನನಗೆ ಹೇಳಿದ್ದು ಇಷ್ಟು: ಡಾಕ್ಟರು ಔಷಧಿ ಕೊಟ್ಟರು, ಪಥ್ಯ ಹೇಳಿದರು, ಹದಿನೈದು ದಿನಕ್ಕೆ ವಾಸಿಯಾಯಿತು, ದೇವರಿಗೆ ಸ್ತೋತ್ರ. ನಾನು ಬರೆದದ್ದು ಹೀಗೆ: ‘ಡಾಕ್ಟರುಗಳು ಕೈಬಿಟ್ಟರು. ಆದರೆ ತಾಯಿಯ ನಂಬಿಕೆ ಕೈಬಿಡಲಿಲ್ಲ. ಆದ್ದರಿಂದ ಮಗು ಬದುಕಿತು.’ ಈ ವಾಕ್ಯಗಳು ನನಗೆ ಅಕ್ಷರ ಬಿಡದೆ ನೆನಪಿವೆ, ಯಾಕೆಂದರೆ ಬರೆದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಅಂದು ಎದ್ದ ಸ್ತೋತ್ರಕ್ಕೆ ಕೆಳಗಿನ ಅಂಗಡಿಯವರು ಹೊರಗೆ ಬಂದು ಮೇಲೆ ನೋಡಿದರಂತೆ. ನಾನದನ್ನು ಕಂಡಿಲ್ಲ, ಕೇಳಿದ್ದು.

ನಮ್ಮ ವಠಾರದ ಕೊನೆಯ ಮನೆಯಲ್ಲಿ ಸರೋಜಕ್ಕ ಇದ್ದಳು. ಕನಕಪುರದ ಕಡೆಯವಳು, ಅಮ್ಮನ ಜೊತೆ ಅದೇ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು, ನಮ್ಮ ಸಭೆಗೇ ಬರುತ್ತಿದ್ದಳು. ಗಂಡ ಇರಲಿಲ್ಲ, ಸತ್ತಿದ್ದನೋ ಬಿಟ್ಟಿದ್ದನೋ ನನಗೆ ಗೊತ್ತಿಲ್ಲ. ನಾಲ್ಕು ವರ್ಷದ ಮಗಳು ಜ್ಯೋತಿ. ಚೌಕಾಬಾರದ ಕಾಯಿಗಳನ್ನು ಎತ್ತಿಕೊಂಡು ಓಡುವುದು ಜ್ಯೋತಿಯ ಕೆಲಸ, ಬೆನ್ನಟ್ಟುವುದು ನಮ್ಮ ಕೆಲಸ. ಮಾರ್ಚಿನಲ್ಲಿ ಅವಳಿಗೆ ಜ್ವರ ಬಂತು. ದೊಡ್ಡಾಸ್ಪತ್ರೆಗೆ ಸೇರಿಸಿದರು. ಮೆದುಳಿಗೆ ಏರಿದೆ ಎಂದರು. ನಾಲ್ಕನೆಯ ದಿನ ಬೆಳಿಗ್ಗೆ ಅವಳು ತೀರಿಕೊಂಡಳು.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ, ರಜೆಯ ದಿನವಿರಬೇಕು, ಸರೋಜಕ್ಕ ತನ್ನ ಮನೆ ಬಾಗಿಲಿನಿಂದ ನನ್ನನ್ನು ಕರೆದಳು.

‘ಅಮ್ಮೀ, ಪೆನ್ನು ಪೇಪರ್ ತಗೊಂಬಾ. ನಂದೊಂದು ಸಾಕ್ಸಿ ಬರ್ಕೋ.’

ನಾನು ಹೋಗಿ ಕೂತೆ. ಒಳಗೆ ಹುರುಳಿ ಬೇಯುವ ವಾಸನೆ ಇತ್ತು. ಗೂಟದ ಮೇಲೆ ಜ್ಯೋತಿಯ ಫ್ರಾಕು ಇನ್ನೂ ತೂಗುತ್ತಿತ್ತು. ಅವಳು ಹೇಳಿದಳು, ನಾನು ಬರೆದುಕೊಂಡೆ. ಮನೆಗೆ ಬಂದು ಎಂದಿನಂತೆ ಚೆನ್ನಾಗಿ ಕೂರಿಸಿದೆ. ಇದರಲ್ಲಿ ಬಿಡುಗಡೆ ಇರಲಿಲ್ಲ. ಆದ್ದರಿಂದ ನಾನೇ ಒಂದನ್ನು ಕೊಟ್ಟೆ. ಸರೋಜಕ್ಕನ ಕನಸಿನಲ್ಲಿ ಯೇಸು ಬಂದು, ಜ್ಯೋತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಅಳಬೇಡ, ಇವಳು ನನ್ನ ಬಳಿ ಇದ್ದಾಳೆ’ ಅನ್ನುತ್ತಾನೆ. ಬರೆಯುತ್ತ ನನಗೇ ಅಳು ಬಂತು. ಮರುದಿನ ಸಂಜೆ ಅವಳಿಗೆ ಓದಿ ಹೇಳಿದೆ.

ಅವಳು ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು: ‘ಈ ಕನಸು ಬಿದ್ದಿದ್ದು ನಂಗಾ, ನಿಂಗಾ?’

ನಾನು ಕಾಗದವನ್ನು ಮಡಿಸತೊಡಗಿದೆ.

‘ನಂಗೊಂದು ಕನಸೂ ಬಿದ್ದಿಲ್ಲ ಕಣಮ್ಮಿ. ಬೀಳ್ಲಿ ಅಂತ ದಿನಾ ಮಲಗ್ತೀನಿ. ಬೀಳೂದಿಲ್ಲ.’ ಅವಳ ದನಿ ಏರಲಿಲ್ಲ. ‘ನೀನು ಬರ್ದ್ಬುಟ್ರೆ ನಾಳೆ ಎಲ್ಲಾ ಕೇಳ್ತಾರೆ, ಹೆಂಗಿತ್ತು ಕನಸು, ಏನುಟ್ಟಿದ್ಲು ಮಗಾ ಅಂತ. ನಾನೇನು ಹೇಳ್ಲಿ?’

‘ಮತ್ತೆ ಸಾಕ್ಷಿ ಯಾಕಕ್ಕ ಹೇಳ್ಬೇಕು? ಏನೂ ಆಗ್ಲಿಲ್ವಲ್ಲ.’

ಹನ್ನೊಂದು ವರ್ಷದವಳ ಪ್ರಶ್ನೆ. ಹಾಗೆಯೇ ಕೇಳಿದೆ.

‘ಅದಕ್ಕೇ ಹೇಳ್ಬೇಕು,’ ಅಂದಳು. ‘ಸಭೇಲಿ ನನ್ನ ಬೆನ್ನ ಹಿಂದೆ ಏನಂತಾರೆ ಗೊತ್ತಾ? ಸರೋಜಂಗೆ ನಂಬ್ಕೆ ಸಾಲ್ದಾಯ್ತು ಅಂತ. ಸ್ಟೆಲ್ಲಮ್ಮನ ಮಗೀನ ಡಾಕ್ಟ್ರೇ ಕೈಬಿಟ್ಟಿದ್ರಂತೆ, ಅವ್ಳು ನಂಬಿದ್ಲು, ಉಳೀತು. ನಾನೂ ಆಸ್ಪತ್ರೆ ಮೆಟ್ಲಲ್ಲಿ ಅದ್ನೇ ನೆನೀತಾ ಕೂತಿದ್ದೆ ಕಣಮ್ಮಿ. ಡಾಕ್ಟ್ರು ಕೈಬಿಟ್ರೂ ನಾನು ಬಿಡೂದಿಲ್ಲ ಅಂತ. ಮೂರು ದಿನ ನೀರು ಬಿಟ್ಟು ಇನ್ನೇನೂ ಕುಡೀಲಿಲ್ಲ. ಹಂಗಾದ್ರೆ ನಂದ್ಯಾಕೆ ಹೋಯ್ತು? ಎಲ್ಲಿ ಕಮ್ಮಿ ಆಯ್ತು?’

ಪೆನ್ನಿನ ಮುಚ್ಚಳ ನನ್ನ ಹಲ್ಲಿನಲ್ಲಿತ್ತು. ಅದನ್ನು ತೆಗೆದೆ. ಆಮೇಲೆ ಹೇಳಿದೆ: ‘ಅಕ್ಕ, ಡಾಕ್ಟ್ರು ಕೈಬಿಟ್ಟಿರ್ಲಿಲ್ಲ. ಅದು ನಾನು ಸೇರ್ಸಿದ್ದು.’

ಅವಳಿಗೆ ತಕ್ಷಣ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿಸಿದಳು. ನಾನು ಇನ್ನೊಮ್ಮೆ ಹೇಳಿದೆ. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಒಲೆಯ ಮುಂದೆ ಹೋಗಿ ಅನ್ನದ ಪಾತ್ರೆ ಇಳಿಸಿ, ಬೆನ್ನು ತಿರುಗಿಸಿಕೊಂಡು ನಿಂತಳು.

‘ಚಂದಾಗಿ ಓದ್ದೆ ಅವತ್ತು,’ ಅಂದಳು. ಅಷ್ಟೇ. ಬಂದು ಕೂತಳು. ‘ಹೊಸಾ ಪೇಪರ್ ತೆಗಿ. ನಾನು ಹೇಳಿದ್ದಷ್ಟೇ ಬರಿ. ನಿನ್ನ ಉಪ್ಪು ಖಾರ ಏನೂ ಬೇಡ.’

ಒಂಬತ್ತು ವಾಕ್ಯ. ಒಂದೊಂದನ್ನೂ ಓದಿಸಿ ಕೇಳಿ ಮುಂದಕ್ಕೆ ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆಯಬಹುದು. ಆದರೆ ನನಗೆ ಅದು ನೆನಪಿಲ್ಲ. ನೆನಪಿರುವುದು, ಮಾರನೆಯ ದಿನವೋ ಅದರ ಮಾರನೆಯ ದಿನವೋ ಸ್ಟೆಲ್ಲಾ ಆಂಟಿಯ ಮನೆಗೆ ಹೋದದ್ದು. ಅವರ ಮನೆ ಸಾರಕ್ಕಿಯ ಕಡೆಗಿತ್ತು. ಆಂಟಿ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು. ಹಿಟ್ಟಿನ ಬಿಸಿ ಹಬೆ, ಜೀರಿಗೆಯ ವಾಸನೆ. ಸುನಿಲ ಹಸಿ ಸಂಡಿಗೆಯನ್ನು ಕದ್ದು ನೆಕ್ಕುತ್ತಿದ್ದ. ನಾನು ನೇರವಾಗಿ ಹೇಳಿದೆ: ‘ಆಂಟಿ, ಡಾಕ್ಟ್ರು ಕೈಬಿಟ್ರು ಅಂತ ನಾನು ಸುಮ್ನೆ ಬರ್ದಿದ್ದು. ಸರೋಜಕ್ಕಂಗೆ ನೀವೇ ಒಂದು ಮಾತು ಹೇಳ್ಬಿಡಿ, ಹಂಗೇನೂ ಇರ್ಲಿಲ್ಲ ಅಂತ.’

ಆಂಟಿ ನಕ್ಕರು. ‘ಸುಮ್ನೆ ಯಾಕೆ ಬರೀತೀಯ? ನಾನೇ ಹೇಳಿದ್ದಲ್ವಾ ನಿಂಗೆ.’

‘ಇಲ್ಲ ಆಂಟಿ. ನೀವು ಔಷಧಿ ಕೊಟ್ರು ಅಂದ್ರಿ, ಹದ್ನೈದು ದಿನಕ್ಕೆ ವಾಸಿ ಆಯ್ತು ಅಂದ್ರಿ.’

‘ಔಷಧಿ ಕೊಟ್ರು, ಆಮೇಲೆ ಕೈಬಿಟ್ರು. ಕನ್ನಡಕ ತೆಗ್ದು ಟೇಬಲ್ ಮೇಲಿಟ್ಟು, ಇನ್ನು ನಮ್ಮ ಕೈಲೇನಿಲ್ಲಮ್ಮಾ ಅಂದ್ರು. ನಂಗಿನ್ನೂ ಕಣ್ಣಿಗೆ ಕಟ್ಟಿದಂಗಿದೆ.’ ಅವರು ಸೌಟು ಹಿಡಿದು ನನ್ನನ್ನು ನೋಡಿದರು. ಕಣ್ಣು ತುಂಬಿತ್ತು. ‘ನೀನು ಮಗು. ನಿಂಗೆ ಮರ್ತೋಗಿದೆ.’

ಅವರು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ನಾನು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ. ಎರಡೇ ತಿಂಗಳಲ್ಲಿ ನನ್ನ ವಾಕ್ಯ ಅವರ ನೆನಪಾಗಿತ್ತು. ನಾನು ಬರೆಯದಿದ್ದ ಕನ್ನಡಕವೂ ಟೇಬಲ್ಲೂ ಅದಕ್ಕೆ ಸೇರಿಕೊಂಡಿದ್ದವು. ನಾನು ತಾರಸಿಯಿಂದ ಇಳಿದು ಬಂದೆ. ಒಬ್ಬರ ಬಾಳಿಗೆ ನಾವು ಸೇರಿಸಿದ್ದನ್ನು ಆಮೇಲೆ ನಾವೇ ಹೋಗಿ ಕೇಳಿದರೂ ಅವರು ಹಿಂದಕ್ಕೆ ಕೊಡುವುದಿಲ್ಲ ಎಂದು ಗೊತ್ತಾದಾಗ ನನಗೆ ಭಯವಾಯಿತು. ಆ ಭಯ ಹೋಗಿಲ್ಲ. ಸುನಿಲ ಈಗ ದೊಡ್ಡವನಾಗಿ ಕೂಟಗಳಲ್ಲಿ ಆ ಸಾಕ್ಷಿಯನ್ನು ತಾನೇ ಹೇಳುತ್ತಾನೆ ಎಂದು ಕೇಳಿದ್ದೇನೆ.

ಹಾಗಾಗಿ ಉಳಿದದ್ದು ಒಂದೇ: ಸರೋಜಕ್ಕ ಹೇಳಿದ್ದನ್ನು ಅವಳು ಹೇಳಿದಂತೆ ಓದುವುದು.

ಓದುವ ಕಾಗದಗಳನ್ನು ಶನಿವಾರ ಸಂಜೆ ಜಯಪಾಲ್ ಅಂಕಲ್ ನೋಡುತ್ತಿದ್ದರು. ಯಾವುದೋ ಕಾರ್ಖಾನೆಯ ಆಫೀಸಿನಲ್ಲಿದ್ದು ನಿವೃತ್ತರಾದವರು, ಬಿಳಿ ಶರ್ಟು, ಜೇಬಿನಲ್ಲಿ ಕೆಂಪು ಪೆನ್ನು. ಕೆಟ್ಟವರಲ್ಲ. ಜ್ಯೋತಿಯನ್ನು ಮಣ್ಣು ಮಾಡುವಾಗ ಮೊದಲಿನಿಂದ ಕೊನೆಯವರೆಗೆ ನಿಂತಿದ್ದವರು ಅವರೇ. ಮೇ ತಿಂಗಳ ಕೊನೆಯ ಶನಿವಾರ ಅವರು ಸರೋಜಕ್ಕನ ಕಾಗದವನ್ನು ಎರಡು ಸಲ ಓದಿದರು.

‘ಇದು ಸಾಕ್ಷಿ ಅಲ್ಲಮ್ಮ ಎಸ್ತರ್. ಇದು ದೂರು.’

‘ಅವ್ರು ಹೇಳಿದ್ದು ಇಷ್ಟೇ ಅಂಕಲ್.’

‘ಹೇಳಿರ್ಬಹುದು. ದುಃಖದಲ್ಲಿದ್ದಾಳೆ. ಆದ್ರೆ ಕೇಳೋರಿಗೆ ನಂಬಿಕೆ ಬೆಳೀಬೇಕಲ್ವಾ? ಹೊಸಬರು ಇರ್ತಾರೆ. ಇಲ್ಲಿ ಪ್ರಾರ್ಥನೆ ಮಾಡಿದ್ರೂ ಮಕ್ಳು ಹೋಗ್ತಾರೆ ಅಂತ ಹೇಳಿ ಕಳ್ಸೋದಾ?’ ಅವರು ಕೆಂಪು ಪೆನ್ನು ತೆಗೆದು ನನ್ನ ಅಕ್ಷರಗಳ ಕೆಳಗೆ ಎರಡು ಸಾಲು ಬರೆದರು: ‘ಆದರೂ ಕರ್ತನು ನನ್ನ ದುಃಖವನ್ನೆಲ್ಲ ತೆಗೆದುಹಾಕಿ ಪರಿಪೂರ್ಣ ಸಮಾಧಾನ ಕೊಟ್ಟಿದ್ದಾನೆ. ಆತನಿಗೇ ಸ್ತೋತ್ರ.’ ಕಾಗದ ನನ್ನ ಕೈಗಿಟ್ಟು, ‘ನೀನು ಜಾಣೆ. ನಿಂಗೆ ಗೊತ್ತಲ್ಲ, ಮುಗ್ಸೋದು ಹೇಗೆ ಅಂತ,’ ಅಂದರು.

ಆ ಮಾತು ನನಗೆ ತಾಗಿತು. ನನ್ನಿಂದ ಕಲಿತದ್ದನ್ನೇ ಅವರು ನನಗೆ ಹೇಳುತ್ತಿದ್ದರು.

ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ‘ಎರಡು ಸಾಲು ತಾನೆ, ಓದ್ಬಿಡು,’ ಅಂದಳು. ‘ಅವ್ರು ದೊಡ್ಡೋರು. ಎದುರು ಮಾತಾಡಿದ್ರೆ ನಾಳೆ ನನ್ನ ಮುಖ ನೋಡಿ ಕೇಳ್ತಾರೆ, ಮಗಳನ್ನ ಹೀಗೆ ಬೆಳ್ಸಿದ್ಯಾ ಅಂತ.’

‘ಸರೋಜಕ್ಕ ಕೂತಿರ್ತಾರಲ್ಲಮ್ಮ ಅಲ್ಲೇ.’

ಅಮ್ಮ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟಳು. ಸರೋಜಕ್ಕನಿಗೆ ಓದಲು ಬಾರದು. ಕೆಂಪು ಸಾಲುಗಳ ವಿಷಯ ನಾನು ಓದಿದಾಗಲೇ ಅವಳಿಗೆ ಗೊತ್ತಾಗುವುದು. ಮೊದಲೇ ಹೇಳಲು ನನಗೆ ಧೈರ್ಯವಾಗಲಿಲ್ಲ.

ಭಾನುವಾರ ಸಭೆಯ ಹಾಲ್ ತುಂಬಿತ್ತು. ಸೆಕೆ. ಮೊದಲು ಇಬ್ಬರು ಗಂಡಸರು ಹೇಳಿದರು, ಏನೆಂದು ನೆನಪಿಲ್ಲ. ಆಮೇಲೆ ನಾನು. ಸರೋಜಕ್ಕ ಎರಡನೆಯ ಸಾಲಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ನೆಲ ನೋಡುತ್ತ ಕೂತಿದ್ದಳು. ಓದತೊಡಗಿದೆ. ‘ನನ್ನ ಹೆಸರು ಸರೋಜ. ನನ್ನ ಮಗಳು ಜ್ಯೋತಿಗೆ ಜ್ವರ ಬಂದಾಗ ಮೂರು ದಿನ ಊಟ ಬಿಟ್ಟು ಪ್ರಾರ್ಥನೆ ಮಾಡಿದೆ.’ ಮುಂದೆ ಆಸ್ಪತ್ರೆಯ ವಿಷಯವಿತ್ತು. ‘ನೀವೆಲ್ಲ ಎಷ್ಟು ನಂಬಿದ್ದೀರೋ ನಾನೂ ಅಷ್ಟೇ ನಂಬಿದ್ದೆ.’ ಹೆಂಗಸರ ಕಡೆ ಯಾರೋ ಕೂತಲ್ಲೇ ಸರಿದರು. ‘ಅವಳು ಬದುಕಲಿಲ್ಲ.’ ಕೊನೆಯ ವಾಕ್ಯ: ‘ನಾನು ಈಗಲೂ ಸಭೆಗೆ ಬರುತ್ತೇನೆ.’

ಅದರ ಕೆಳಗೆ ಕೆಂಪು. ನಾನು ನಿಲ್ಲಿಸಿದೆ.

ಸ್ತೋತ್ರ ಬರಲಿಲ್ಲ. ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಮುಂದಿನ ಕುರ್ಚಿಯಿಂದ ಜಯಪಾಲ್ ಅಂಕಲ್ ಮೆಲ್ಲಗೆ, ಮಗುವಿಗೆ ಮರೆತದ್ದನ್ನು ನೆನಪಿಸುವಂತೆ, ‘ಇನ್ನೂ ಇದೆ, ಓದಮ್ಮ,’ ಅಂದರು.

‘ಅದು ಸರೋಜಕ್ಕ ಹೇಳಿದ್ದಲ್ಲ ಅಂಕಲ್.’

ಧೈರ್ಯವಿತ್ತೆಂದು ಹೇಳಿದರೆ ಅದೂ ಸೇರಿಸಿದ್ದಾಗುತ್ತದೆ. ಅವರು, ‘ಓದು,’ ಅಂದರು. ನಾನು, ‘ಓದಲ್ಲ,’ ಅಂದೆ. ಇಷ್ಟು ಹೊತ್ತಿಗೆ ಸರೋಜಕ್ಕ ತಲೆಯೆತ್ತಿದ್ದಳು. ಅವಳು ಎದ್ದು ನಿಂತಳು. ಅತ್ತಾಳೆಂದು ಎಲ್ಲರೂ ಕಾದರು. ‘ಈ ಹುಡ್ಗಿ ಹೇಳೂದು ಸರಿ ಇದೆ,’ ಅಂದಳು. ‘ನಂದು ಅಷ್ಟೇ.’ ಕೂತಳು. ಪಾಸ್ಟರು ಮುಂದಿನ ಹಾಡಿನ ನಂಬರ್ ಹೇಳಿದರು.

ಆರಾಧನೆ ಮುಗಿದ ಮೇಲೆ ಅಂಕಲ್ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಜೇಬಿಗಿಟ್ಟರು. ಬೈಯಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಸರೋಜಕ್ಕ ಚಪ್ಪಲಿ ಹುಡುಕುತ್ತಿದ್ದಳು. ‘ನಾನು ಹೇಳಿದ್ದು ಪೂರಾ ಓದಿದ್ಯಾ?’ ಎಂದು ಕೇಳಿದಳು. ಹೂಂ ಅಂದೆ. ‘ಸರಿ ನಡಿ, ಬಿಸ್ಲು ಏರ್ತದೆ.’

ನನ್ನ ಹಟದ ಬೆಲೆಯನ್ನೂ ಹೇಳಬೇಕು. ಜೂನಿನಿಂದ ಬರೆದ ಸಾಕ್ಷಿ ಓದುವುದು ನಿಂತಿತು. ಬಾಯಿ ಇದ್ದವರು ಮಾತ್ರ ಹೇಳಲಿ ಎಂದಾಯಿತು. ಗಾರ್ಮೆಂಟ್ಸಿನ ಹೆಂಗಸರು ಮತ್ತೆ ಚಾಪೆಯ ಮೇಲೆ ಸುಮ್ಮನೆ ಕೂತರು. ಅಮ್ಮ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಸರೋಜಕ್ಕನ ಬೆನ್ನ ಹಿಂದಿನ ಮಾತು ನಿಂತಿತೇ? ನನಗೆ ಗೊತ್ತಿಲ್ಲ. ಮುಂದಿನ ವರ್ಷ ಅವಳು ಕೆಲಸಕ್ಕೆ ಹತ್ತಿರವಾಗಲೆಂದು ಬೊಮ್ಮನಹಳ್ಳಿಗೇ ಮನೆ ಬದಲಾಯಿಸಿದಳು. ಆಮೇಲೆ ಆ ಗಾರ್ಮೆಂಟ್ಸು ಮುಚ್ಚಿತು. ಹುಡುಕಿದ್ದೇನೆ, ಸಿಕ್ಕಿಲ್ಲ.

ಅಂದಿನಿಂದ ನಾನು ಕಟ್ಟಿದ್ದನ್ನೆಲ್ಲ ಕಾದಂಬರಿ ಎಂದು ಮೇಲೆ ಬರೆದೇ ಕೊಟ್ಟಿದ್ದೇನೆ. ಕ್ರೈಸ್ತರು ಕಟ್ಟುಕತೆ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಕಟ್ಟುಕತೆಯನ್ನು ಕಟ್ಟುಕತೆ ಎಂದು ಹೇಳಿ ಬರೆದವರಿಂದ ಯಾವ ತಾಯಿಯೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತನ್ನ ನಂಬಿಕೆಯನ್ನು ಅಳೆದುಕೊಂಡಿಲ್ಲ ಎಂದು ಉತ್ತರಿಸುತ್ತೇನೆ. ಪ್ರಕಾಶಕರು ಫೋನ್ ಮಾಡಿ, ‘ಮೇಡಂ, ಕೊನೇ ಅಧ್ಯಾಯದಲ್ಲಿ ಆ ಹುಡುಗಿಗೆ ವಾಸಿ ಮಾಡ್ಬಿಡಿ, ಓದೋರಿಗೆ ಸಮಾಧಾನ ಆಗುತ್ತೆ,’ ಅನ್ನುತ್ತಾರೆ. ಮಾಡುವುದಿಲ್ಲ. ಎರಡು ಹಸ್ತಪ್ರತಿಗಳು ಹೀಗೆ ವಾಪಸು ಬಂದಿವೆ. ಅವು ವಾಸಿಯಾಗದ ತಮ್ಮ ಪಾತ್ರಗಳ ಜೊತೆಗೇ ನನ್ನ ಬೀರುವಿನಲ್ಲಿವೆ, ಮುಂದೆಯೂ ಇರಲಿ. ನಾನು ನಂಬಿಕೆ ಬಿಟ್ಟವಳಲ್ಲ. ಪ್ರತಿ ಭಾನುವಾರ ಹೋಗುತ್ತೇನೆ.

ಗೌಡರ ವಠಾರದ ಜಾಗದಲ್ಲಿ ಈಗ ಐದು ಮಹಡಿಯ ಪಿ.ಜಿ. ಇದೆ. ನಮ್ಮ ಸಭೆಗೆ ಸ್ವಂತ ಕಟ್ಟಡವಾಗಿದೆ, ಕುರ್ಚಿಗಳಾಗಿವೆ, ಗೋಡೆಯ ಮೇಲೆ ದೊಡ್ಡ ಪರದೆ. ಸಾಕ್ಷಿಗಳು ಈಗ ಫೋನಿನಲ್ಲಿ ಹಿಡಿದು ಕಳಿಸಿದ ಎರಡು ನಿಮಿಷದ ತುಣುಕುಗಳು, ಹಿಂದೆ ಸಂಗೀತ. ಬಿಡುಗಡೆಯಿಲ್ಲದ ಒಂದನ್ನೂ ನಾನು ಇದುವರೆಗೆ ಅಲ್ಲಿ ಕಂಡಿಲ್ಲ. ಎಷ್ಟು ಜನ ಹಾಗೆ ಹೇಳಲು ಎದ್ದು, ಮತ್ತೆ ಕೂತರೋ ಲೆಕ್ಕವಿಲ್ಲ.

ಜಯಪಾಲ್ ಅಂಕಲ್ ತೀರಿಕೊಂಡರು. ಆ ಕಾಗದ ಏನಾಯಿತೆಂದು ಅವರ ಮನೆಯವರಿಗೆ ತಿಳಿಯದು. ಸರೋಜಕ್ಕನ ಒಂಬತ್ತು ವಾಕ್ಯಗಳಲ್ಲಿ ಐದು ನನ್ನಲ್ಲಿ ಉಳಿದಿವೆ. ಐದನ್ನೂ ಮೇಲೆ ಬರೆದಿದ್ದೇನೆ. ನಾಲ್ಕು ಹೋದವು. ಆಸ್ಪತ್ರೆಯ ಬಗ್ಗೆ ಇದ್ದವು ಎಂಬಷ್ಟು ಗೊತ್ತು, ಮಾತುಗಳು ಗೊತ್ತಿಲ್ಲ. ಇಷ್ಟು ವರ್ಷ ಬರೆದು ಕೈ ಪಳಗಿದೆ; ಕೂತರೆ ಒಂದು ಗಂಟೆಯೊಳಗೆ ಆ ನಾಲ್ಕನ್ನೂ ಕಟ್ಟಬಲ್ಲೆ, ಅವಳದೇ ದನಿಯಲ್ಲಿ, ಯಾರಿಗೂ ಬೆಸುಗೆ ಕಾಣದ ಹಾಗೆ. ಕಟ್ಟುವುದಿಲ್ಲ.